ಹಸನು ಮಾಡಿದ ನಾರು

ನಮ್ಮ ಲ್ಯಾಬಿನಲ್ಲಿರುವ ಯಂತ್ರಕ್ಕೆ ಬರುವುದು ಒಂದೇ ವಿದ್ಯೆ. ಎರಡು ತುದಿ ಹಿಡಿಯುವುದು, ಹರಿಯುವವರೆಗೆ ಎಳೆಯುವುದು. ಆವೇಶವಿಲ್ಲ, ಹಿನ್ನೆಲೆ ಸಂಗೀತವಿಲ್ಲ. ನಿಮಿಷಕ್ಕೆ ಒಂದು ಮಿಲಿಮೀಟರು. ಬಾಳೆ ನಾರಿನ ಒಂದೇ ಒಂದು ಎಳೆಯನ್ನು ಕಾಗದದ ಪುಟ್ಟ ಚೌಕಟ್ಟಿಗೆ ಅಂಟಿಸಿ, ಯಂತ್ರದ ದವಡೆಗೆ ಕಚ್ಚಿಸಿ, ಚೌಕಟ್ಟಿನ ಎರಡು ಬದಿಯನ್ನು ಕತ್ತರಿಸಿಬಿಟ್ಟರೆ ಮುಗಿಯಿತು. ಆಮೇಲೆ ಎಳೆ ಮತ್ತು ಯಂತ್ರ ಎದುರಾಬದುರಾ. ಸ್ವಲ್ಪ ಹೊತ್ತಿಗೆ ಟಿಕ್ ಎನ್ನುತ್ತದೆ. ಎಷ್ಟು ಭಾರಕ್ಕೆ ಹರಿಯಿತು ಎಂದು ಕಂಪ್ಯೂಟರು ಬರೆದುಕೊಳ್ಳುತ್ತದೆ. ಮತ್ತೆ ಮುಂದಿನ ಎಳೆ.

ಮೊದಮೊದಲು ನಾನು ಒಂದೊಂದು ಎಳೆಗೂ ಒಂದೊಂದು ಡೈಲಾಗ್ ಹೊಡೆಯುತ್ತಿದ್ದೆ.

"ಕಡೀ ಆಸೆ ಏನರ ಇದ್ರ ಹೇಳ್ಬಿಡು ಮಗನ. ಈ ಕಪಿಲನ ಕೈಗಿ ಸಿಕ್ಕವರು ಸ್ಟೇಷನ್‌ಗೂ ಹೋಗಂಗಿಲ್ಲ, ಕೋರ್ಟಿಗೂ ಹೋಗಂಗಿಲ್ಲ. ಸೀದಾ ಗ್ರಾಫಿಗಿ ಹೋಗ್ತಾರ!"

"ಕಪಿಲ, ಬಾಯಿ ಮುಚ್ಚಿ ಕತ್ರಿ ಆಡ್ಸು," ಎನ್ನುತ್ತಿದ್ದಳು ಪಂಚಶೀಲಾ ಅಕ್ಕ. "ನಿನ್ ಉಸ್ರಿಗಿ ಎಳಿ ಅಳ್ಳಾಡ್ತದ."

ಆ ಎಳೆಗಳೆಲ್ಲ ಅಕ್ಕನ ಪಿಎಚ್.ಡಿ.ಯವು. ನಾನು ಅದೇ ಗೈಡಿನ ಕೈಕೆಳಗೆ ಎಂ.ಟೆಕ್. ಮಾಡುವವನು. ನನ್ನ ಪ್ರಾಜೆಕ್ಟು ಹೇಗೋ ಮುಗಿದಿತ್ತು, ಮುಗಿಯದೆ ಉಳಿದಿದ್ದವಳು ಅವಳು. ಕುಸನೂರಿನ ಹುಡುಗಿ. ಬೆಳಿಗ್ಗೆ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಮಧ್ಯಾಹ್ನದಿಂದ ಲ್ಯಾಬು. ಅತಿಥಿಯಾಗಿ ಎಷ್ಟು ವರ್ಷವಾಯಿತೆಂದರೆ, ಅಷ್ಟು ದಿನ ಉಳಿದ ಅತಿಥಿಯನ್ನು ಯಾವ ಮನೆಯವರೂ ಕಸಬರಿಗೆ ಹಿಡಿದು ಓಡಿಸುತ್ತಾರೆ. ಖಾಯಂ ಆಗಬೇಕಾದರೆ ಪಿಎಚ್.ಡಿ. ಬೇಕು. ಅದರ ಅವಧಿಯನ್ನು ಆಗಲೇ ಎರಡು ಸಲ ಎಳೆದಾಗಿತ್ತು. ಏಪ್ರಿಲ್ ಮುಗಿಯುವುದರೊಳಗೆ ಥೀಸಿಸ್ ಕೊಡದಿದ್ದರೆ ನೋಂದಣಿ ರದ್ದು. ಮೂರನೆಯ ಸಲ ಎಳೆಯುವುದಿಲ್ಲ ಎಂದು ಆಫೀಸಿನವರು ಸ್ಪಷ್ಟವಾಗಿ ಹೇಳಿದ್ದರು. ಹಾಗಾದರೆ ಅವಳ ಅಷ್ಟೂ ವರ್ಷ ಟಿಕ್.

ವಿಷಯ ಕಷ್ಟದ್ದೇನಲ್ಲ. ಒಂದೇ ಬಾಳೆಯ ದಿಂಡು, ಒಂದೇ ಪದರು, ಅದರಿಂದ ತೆಗೆದ ಎರಡು ಎಳೆ. ಒಂದು ಪೈಲ್ವಾನನಂತೆ ತಡೆದುಕೊಳ್ಳುತ್ತದೆ, ಇನ್ನೊಂದು ಸೀನಿದರೆ ಹರಿಯುತ್ತದೆ. ಈ ಏರುಪೇರು ಎಷ್ಟು, ಅದಕ್ಕೊಂದು ನಿಯಮ ಇದೆಯೇ ಎನ್ನುವುದು ಅಕ್ಕನ ಪ್ರಶ್ನೆ. ವೈಬುಲ್ ಲೆಕ್ಕ ಅಂತ ಒಂದಿದೆ. ಹರಿದ ಭಾರಗಳನ್ನೆಲ್ಲ ಅದಕ್ಕೆ ಹಾಕಿದರೆ ಕೊನೆಗೆ ಒಂದು ಸಂಖ್ಯೆ ಕೊಡುತ್ತದೆ. ಸಂಖ್ಯೆ ದೊಡ್ಡದಿದ್ದರೆ ಎಳೆಗಳೆಲ್ಲ ಹೆಚ್ಚುಕಡಿಮೆ ಒಂದೇ ತೂಕದ ಗಟ್ಟಿಗರು. ಸಣ್ಣದಿದ್ದರೆ ಒಬ್ಬೊಬ್ಬರದು ಒಂದೊಂದು ಹಣೆಬರಹ. ಅಕ್ಕ ಓದಿದ ಪೇಪರುಗಳಲ್ಲಿ ಬಾಳೆ ನಾರಿಗೆ ಮೂರರ ಆಸುಪಾಸು ಬಂದಿತ್ತು. ಕಮಲಾಪುರದ ಕೆಂಪು ಬಾಳೆಯ ನಾರಿಗೆ ನಮಗೆ ಬಂದದ್ದು ಎಂಟು ದಾಟಿತ್ತು.

ನಮ್ಮ ಗೈಡ್ ಅಮರನಾಥ ಸರ್ ನಿವೃತ್ತಿಯ ಹೊಸ್ತಿಲಲ್ಲಿದ್ದವರು. ಆ ಗ್ರಾಫನ್ನು ಅವರು ಮೊಮ್ಮಗನ ಫೋಟೊದಂತೆ ನೋಡಿದರು.

"ಎಂಥಾ ಗೆರಿ ಬಂದದ ನೋಡವ್ವಾ! ಸ್ಕೇಲ್ ಹಚ್ಚಿ ಹೊಡದಂಗ. ಕೆಂಬಾಳಿ ಅಂದ್ರ ಸುಮ್ನಲ್ಲ."

"ಸರ್, ಕೆಳಗಿನ ಚುಕ್ಕಿ ಎಲ್ಲಿ ಹೋದ್ವು?" ಎಂದಳು ಅಕ್ಕ. "ಸಣ್ಣ ಭಾರಕ್ಕ ಹರದದ್ದು ಒಂದೂ ಇಲ್ಲ."

"ಇಲ್ಲಂದ್ರ ಇಲ್ಲ. ಹುಡುಕ್ಕೊಂಡು ಹೋಗಿ ಸಮಸ್ಯಾ ತರಬ್ಯಾಡ. ಫೋಟೊ ಹಚ್ಚು, ಬೈಂಡ್ ಮಾಡ್ಸು, ಕೊಡು. ನನಗೂ ಸಾಕಾಗ್ಯದ."

ಫೋಟೊ ಅಂದರೆ ನಾರು ತೆಗೆಯುವ ಶೆಡ್ಡಿನದು. ಥೀಸಿಸ್‌ನಲ್ಲಿ ಅದೊಂದೇ ಬಾಕಿ. ಹಾಗಾಗಿ ಒಂದು ಮುಂಜಾನೆ ಹುಮ್ನಾಬಾದ್ ಬಸ್ಸು ಹತ್ತಿದೆವು. ಬಿಸಿಲು ಆಗಲೇ ಕಿಟಕಿಯ ಸರಳನ್ನು ಕಾಯಿಸಿತ್ತು. ಅಕ್ಕ ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. ನಾನು ದನಿ ದಪ್ಪ ಮಾಡಿ, "ಮಿಸ್ ಪಂಚಶೀಲಾ, ನಾನು ನಿಮ್ಮ ಪರೀಕ್ಷಕ ಮಾತಾಡಾಕತ್ತೀನಿ. ಥೀಸಿಸ್ ಓದಿ ನನಗ ಅಳುನೇ ಬಂತು," ಎಂದೆ. ಅವಳು ಕಣ್ಣು ತೆರೆಯಲಿಲ್ಲ. "ಅಳ್ರಿ ಸರ್, ನಾ ಆಗ್ಲೇ ಅತ್ತು ಮುಗ್ಸೀನಿ," ಎಂದಳಷ್ಟೆ.

ಕಮಲಾಪುರದಲ್ಲಿ, ನಮಗೆ ನಾರಿನ ಗಂಟು ಕಟ್ಟಿ ಕಳಿಸುವ ಯಮನಮ್ಮನ ಶೆಡ್ಡು ಬಾಳೆ ಹೊಲದ ಬದುವಿನ ಮೇಲೆಯೇ ಇದೆ. ಗೊನೆ ಕಡಿದ ಮೇಲೆ ನಿಂತ ದಿಂಡು ಯಾರಿಗೂ ಬೇಡ. ಅದನ್ನು ತಂದು, ಪದರು ಸೀಳಿ, ಮಷೀನಿಗೆ ಕೊಟ್ಟರೆ ತಿರುಳೆಲ್ಲ ಹಾರಿ ಆ ಕಡೆಯಿಂದ ನಾರು ಬರುತ್ತದೆ. ಮಷೀನು ನಡೆಸುವವಳು ಸೊಸೆ ಭುವನೇಶ್ವರಿ. ತೊಳೆದು ತಂತಿಗೆ ಹಾಕಿ ಒಣಗಿಸುವವಳು ಅತ್ತೆ. ನಾವು ಹೋದಾಗ ತಂತಿಯ ಮೇಲೆ ನಾರು ಚಿನ್ನದ ಬಣ್ಣಕ್ಕೆ ತೂಗಾಡುತ್ತಿತ್ತು, ಯಾವುದೋ ನಾಯಕಿ ತಲೆ ತೊಳೆದು ಕೂದಲು ಹರವಿದ ಹಾಗೆ.

"ಬರ್ರಿ ಮೇಡಂ, ಬರ್ರಿ. ಭುವನಾ, ಹಣ್ಣು ತಾ. ಮ್ಯಾಲಿಂದಲ್ಲ, ಗೊನಿ ನಡಾಬರ್ಕಿಂದು ತಾ!" ಎಂದು ಯಮನಮ್ಮ ಸೆರಗಿನಿಂದ ಪಲಂಗ ಒರೆಸಿದಳು.

ಅಕ್ಕ ಫೋಟೊ ತೆಗೆಯುತ್ತಿದ್ದಳು. ನನಗೆ ಕೈ ಸುಮ್ಮನಿರುವುದಿಲ್ಲ. ಮೂಲೆಯಲ್ಲಿ ನಾರಿನ ಚಿಕ್ಕ ಗುಡ್ಡೆಯೊಂದು ಬಿದ್ದಿತ್ತು. ಒಂದು ಹಿಡಿ ತೆಗೆದು, ಹೊಸೆದು, ಮೂಗಿನ ಕೆಳಗೆ ಮೀಸೆ ಮಾಡಿಕೊಂಡು, ಒಂದು ಕಾಲನ್ನು ಕಲ್ಲಿನ ಮೇಲಿಟ್ಟು ನಿಂತೆ.

"ಈ ಸೀಮೆಗೆಲ್ಲ ಒಂದೇ ಮೀಸೆ, ಒಂದೇ ಮಾತು! ಈ ಮೀಸೆ ಮುಟ್ಟಿದವನು ಭೂಮಿಯ ಮೇಲೆ..."

ತಿರುವಿದೆ. ಮೀಸೆ ಪಟಪಟನೆ ಹರಿದು ಕೈಗೆ ಬಂತು. ಭುವನೇಶ್ವರಿ ಮಷೀನು ಬಿಟ್ಟು ನಗತೊಡಗಿದಳು.

"ಏ ತಮ್ಮಾ, ಒಗಿ ಅದನ್ನ," ಎಂದಳು ಯಮನಮ್ಮ. "ಅದು ಕಸ. ನಿಮ್ ಕಾಲೇಜಿನ ಗಂಟಿನಾಗಿಂದು ಆರ್ಸಿ ತಗದದ್ದು."

ಅಕ್ಕನ ಫೋನು ಹಾಗೆಯೇ ಗಾಳಿಯಲ್ಲಿ ನಿಂತಿತು. "ಆರ್ಸಿ ಅಂದ್ರ?"

"ಹಸನ ಮಾಡಿದ್ದು ಯವ್ವಾ. ಜ್ವಾಳ ಹಸನ ಮಾಡಂಗಿಲ್ಲೇನು, ಹಳ್ಳು-ಹೊಟ್ಟು ತಗದು? ಹಂಗ." ಯಮನಮ್ಮ ಒಂದು ಎಳೆಯನ್ನು ಎರಡು ಕೈಯ ಬೆರಳಿಗೆ ಸುತ್ತಿ, ಫಟ್ಟನೆ ಜಗ್ಗಿ ತೋರಿಸಿದಳು. ಹರಿಯಲಿಲ್ಲ, ಅದು ಬಲಗಡೆ ಹೋಯಿತು. ಇನ್ನೊಂದು ಜಗ್ಗಿದಳು. ಹರಿಯಿತು, ಅದು ಮೂಲೆಗೆ. "ಹಗ್ಗ ಹೊಸಿಯೋರಿಗಿ ಹಂಗೇ ಕಟ್ಟಿ ಕೊಡ್ತೀವಿ, ಅವ್ರು ತಾವೇ ನೋಡ್ಕೋತಾರ. ನಿಮಗಂತ ಕೊಡೂದು ಮಾತ್ರ ನಾನೇ ಕುಂತು ಒಂದೊಂದೇ ಎಳಿ ನೋಡ್ತೀನಿ. ದೊಡ್ಡ ಕಾಲೇಜಿಗಿ ಹೋಗೂದು. ಒಂದರ ಹರದ್ರ ನನ್ ಮಾನ ಏನು?"

"ಮೊದ್ಲಿಂದನೂ?"

"ಮೊದ್ಲಿಂದನೂ," ಎಂದಳು ಯಮನಮ್ಮ, ಹೊಗಳಿಕೆಗೆ ಕಾಯುವ ಮುಖದಲ್ಲಿ.

ಅಕ್ಕ ಪಲಂಗದ ಮೇಲೆ ಕೂತಳು. ನಾನು ನೋಡಿದ ಸಿನಿಮಾಗಳಲ್ಲಿ ಇಂಥ ಜಾಗಕ್ಕೆ ಗುಡುಗು ಹಾಕುತ್ತಾರೆ. ಇಲ್ಲಿ ಮಷೀನು ಗುರ್ರ್ ಎನ್ನುತ್ತಿತ್ತು, ಅಷ್ಟೆ. ಏರುಪೇರು ಎಷ್ಟಿದೆ ಎಂದು ನೋಡಲು ಅವಳು ವರ್ಷಗಟ್ಟಲೆ ಎಳೆ ಎಳೆದಿದ್ದಳು. ಆ ಏರುಪೇರನ್ನೇ ಈ ಮುದುಕಿ ಪ್ರೀತಿಯಿಂದ ಆರಿಸಿ ಮೂಲೆಗೆ ಹಾಕಿದ್ದಳು.

ಹೊರಗೆ ಬೇವಿನ ಮರದ ಕೆಳಗೆ ನಿಂತು ಅಕ್ಕ ಸರ್‌ಗೆ ಫೋನು ಹಚ್ಚಿದಳು. ಸ್ಪೀಕರಿನಲ್ಲಿಟ್ಟಿದ್ದಳು, ಕಿವಿಗೆ ಹಿಡಿಯುವಷ್ಟು ಶಕ್ತಿಯೂ ಇರಲಿಲ್ಲವೇನೋ.

"ಸರ್, ನಾರು ಆರ್ಸಿ ಕೊಟ್ಟಾರ್ರಿ. ಜಗ್ಗಿ ನೋಡಿ, ಹರೀಲಾರದೇ ಉಳದದ್ದಷ್ಟೇ ನಮಗ ಬಂದದ."

ಆ ಕಡೆಯಿಂದ ಸರ್, "ಎಷ್ಟು ಜೋರ ಜಗ್ತಾಳ ಅಂತ ಗೊತ್ತಾದ್ರ ಲೆಕ್ಕದಾಗ ಸರಿ ಮಾಡ್ಬಹುದು. ಕೇಳಿ ನೋಡು," ಎಂದರು.

ಯಮನಮ್ಮ ಬಾಗಿಲಲ್ಲೇ ನಿಂತಿದ್ದಳು. "ಎಷ್ಟು ಜೋರ ಅಂದ್ರ? ಅದು ಆವತ್ತಿನ ಸಿಟ್ಟಿನ ಮ್ಯಾಗ."

"ನನ್ ಮ್ಯಾಗ ಸಿಟ್ಟು ಬಂದ ದಿನ ಮೂಲಿ ತುಂಬ ಕಸಾನೇ ಕಸ ನೋಡ್ರಿ ಅಕ್ಕೋರೆ," ಎಂದು ಒಳಗಿನಿಂದ ಭುವನೇಶ್ವರಿ ಕೂಗಿದಳು.

"ಕೇಳ್ಸ್ತು," ಎಂದರು ಸರ್. ನಿಟ್ಟುಸಿರು ಸ್ಪೀಕರಿನಲ್ಲಿ ಬಿರುಗಾಳಿಯಂತೆ ಬಂತು. "ಪಂಚಶೀಲಾ, ಆಯ್ದ ನಾರು ಅಂತ ಎಲ್ಲ್ಯರ ಒಂದು ಸಾಲು ಬರಿ. ಕೊಟ್ಟುಬಿಡು. ಮತ್ತ ಶುರು ಮಾಡಾಕ ಟೈಮಿಲ್ಲವ್ವ."

ಫೋನಿಟ್ಟ ಮೇಲೆ ಅಕ್ಕ ಮರದ ಬೊಡ್ಡೆಗೆ ಒರಗಿ ಕೂತಳು. ನಾನು ಪಕ್ಕದಲ್ಲಿ ಕೂತು ಪಿಸುಗುಟ್ಟಿದೆ. "ಅಕ್ಕ, ಪ್ಲ್ಯಾನ್ ಅದ. ನೀ ಮುದುಕಿನ್ನ ಮಾತಿಗಿ ಹಚ್ಚು. ನಾ ಆ ಮೂಲ್ಯಾಗಿನ ಕಸ ಬ್ಯಾಗಿಗಿ ತುಂಬ್ತೀನಿ. ಹೀರೊ ಎಂಟ್ರಿ, ಮಾಲ್ ಎಸ್ಕೇಪ್."

"ಬರೇ ಕಸ ಒಯ್ದ್ರ ಅದೂ ಸುಳ್ಳೇ. ಆರ್ಸೂಕಿಂತ ಮೊದ್ಲಿಂದು ಬೇಕು, ಛಲೋದು ಕೆಟ್ಟದ್ದು ಕೂಡೇ ಇದ್ದದ್ದು."

"ಮತ್ತ ಕೇಳು."

ಅವಳು ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆಯುತ್ತಿದ್ದಳು. ಮಾತಾಡಿದಳು, ನನಗಲ್ಲ, ಆ ಗೆರೆಗೆ.

"ನಮ್ಮಜ್ಜಿ ಬಂಡೆಮ್ಮಾಯಿ ರಾಶಿ ಮಾಡಾಕ ಹೋಗ್ತಿದ್ಳು. ರಾಶಿ ಎಲ್ಲಾ ತುಂಬಿದ ಮ್ಯಾಗ ಕಣದಾಗ ಕಡೀಗಿ ಉಳದ ಮಣ್ಣು, ಹಳ್ಳು, ಅದ್ರಾಗಿನ ನಾಕು ಕಾಳು, ಅದು ನಮ್ಮ ಕೇರಿಯವರಿಗಿ. ಆಯಿ ಮನಿಗಿ ತಂದು ಇಡೀ ದಿನ ಹಸನ ಮಾಡಾಕಿ. ನಮಗ ಯಾರೂ ಹಸನ ಮಾಡಿ ಕೊಟ್ಟಿಲ್ಲೋ ಕಪಿಲ. ಈ ಮುದಿಕಿ ಕೊಟ್ಟಾಳ, ಒಂದೊಂದೇ ಎಳಿ ನೋಡಿ. ಈಗ ನಾನೇ ಹೋಗಿ, ಬ್ಯಾಡ, ಕಸ ಇದ್ದದ್ದೇ ಕೊಡ್ರಿ ಅಂತ ಕೇಳ್ಬೇಕು."

ನನ್ನ ಮನೆಯದೂ ಅದೇ ಕಥೆ. ನಮ್ಮಜ್ಜಿಯೂ ಕಣ ಗುಡಿಸಿದವಳೇ.

ಅಕ್ಕ ಎದ್ದು ಒಳಗೆ ಹೋದಳು. ಕೇಳಿದಳು. ಮೆತ್ತಗೆ, ವಿವರವಾಗಿ, ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಹೇಳುವ ಹಾಗೆ. ಯಮನಮ್ಮನ ಮುಖ ಗಂಟಾಯಿತು.

"ಹಸನ ಮಾಡ್ದಲೇ ಕೊಡಾಕ ನೀ ಏನ್ ಬೇಡಾಕ ಬಂದೀಯೇನ್ ಯವ್ವಾ? ನಾ ಕೊಡಂಗಿಲ್ಲ. ನನ್ ಕೈಲಿಂದ ಮಾತ್ರ ಅದು ಹೋಗಂಗಿಲ್ಲ."

ಬೇಡುವುದು ಎನ್ನುವ ಮಾತು ಬಿದ್ದಾಗ ಅಕ್ಕ ಮೂಲೆಯ ಕಸದ ಗುಡ್ಡೆಯನ್ನು ಒಮ್ಮೆ ನೋಡಿದಳು. ಯಮನಮ್ಮನ ಮಾತಿನಲ್ಲಿ ವಿಷವಿರಲಿಲ್ಲ. ಗೌರವವೇ ಇತ್ತು. ಬೇಡಲು ಬಂದವರಿಗೆ ಕೊಡುವಂಥದ್ದನ್ನು ನಿನಗೆ ಹೇಗೆ ಕೊಡಲಿ ಎಂದು ಅವಳು ಕೇಳುತ್ತಿದ್ದಳು.

"ಹಂಗಾದ್ರ ನೀವು ಕೊಡಬ್ಯಾಡ್ರಿ ಅವ್ವಾ," ಎಂದಳು ಅಕ್ಕ. ವೇಲನ್ನು ಸೊಂಟಕ್ಕೆ ಸುತ್ತಿದಳು. "ಭುವನಾ ದಿನದಂಗ ಮಷೀನ್ ನಡಸ್ಲಿ. ಈ ಕಡಿ ನಾ ಕುಂದರ್ತೀನಿ. ಬಂದದ್ದು ನಾನೇ ಹಿಡೀತೀನಿ, ನಾನೇ ತೊಳೀತೀನಿ, ನಾನೇ ಒಣಗಿಸ್ತೀನಿ. ಯಾರೂ ಯಾರಿಗೂ ಕೊಟ್ಟಂಗಿಲ್ಲ."

ಯಮನಮ್ಮ ನನ್ನ ಕಡೆ ನೋಡಿದಳು, ಈ ಹುಡುಗಿಗೆ ತಲೆ ಸರಿ ಇದೆಯೇ ಎಂಬಂತೆ. ನಾನು ಕೈ ಮುಗಿದೆ. "ಅವ್ವಾ, ಇವ್ಳು ಒಮ್ಮಿ ಕುಂತ್ರ ಜೆಸಿಬಿ ತಂದ್ರೂ ಏಳಂಗಿಲ್ಲ."

ಭುವನೇಶ್ವರಿ ಪದರು ಕೊಡತೊಡಗಿದಳು. ನೀರು, ತಿರುಳು, ಲೋಳೆ ಎಲ್ಲ ಅಕ್ಕನ ಮುಖಕ್ಕೇ ಹಾರುತ್ತಿತ್ತು. ನಾನು ದಿಂಡು ಹೊತ್ತು ತಂದೆ. ಬಾಳೆಯ ದಿಂಡು ನೋಡಲು ಮೆತ್ತಗೆ, ಹೊತ್ತರೆ ಹೆಣದಷ್ಟು ಭಾರ. ಮೂರನೆಯದಕ್ಕೆ ನನ್ನೊಳಗಿನ ಹೀರೊ ಸತ್ತ, ಆಮೇಲೆ ಹೊತ್ತದ್ದು ಬರೀ ಕಪಿಲ. ಅಕ್ಕ ಒದ್ದೆ ನಾರನ್ನು ತೊಳೆದು ತಂತಿಗೆ ಹರವಿದಳು. ಬಿಸಿಲು ಎಂಥದಿತ್ತೆಂದರೆ, ಮೊದಲು ಹಾಕಿದ್ದು ಕೊನೆಯದನ್ನು ಹಾಕುವಷ್ಟರಲ್ಲಿ ಗರಿಗರಿಯಾಗಿತ್ತು.

ಯಮನಮ್ಮ ದೂರ ಕೂತು ನೋಡುತ್ತಿದ್ದಳು. ತಡೆಯಲಾಗಲಿಲ್ಲ. ಎದ್ದು ಬಂದು, ಅಕ್ಕ ಕಟ್ಟುತ್ತಿದ್ದ ಗಂಟಿನಿಂದ ಸೊರಗಿದ ಒಂದು ಎಳೆಯನ್ನು ಕಿತ್ತಳು. ಕೈ ತಾನಾಗಿಯೇ ಹೋಗಿತ್ತು. ಅಕ್ಕ ಅವಳ ಮಣಿಕಟ್ಟು ಹಿಡಿದಳು.

"ಅವ್ವಾ, ಇರ್ಲಿ."

"ಕೊಳತದಲ್ಲವ ಇದು!"

"ಇರ್ಲಿ. ಅದೂ ಅದೇ ಗಿಡದ್ದೇ."

ಯಮನಮ್ಮ ಎಳೆಯನ್ನು ಗಂಟಿನೊಳಗೆ ಮತ್ತೆ ತೂರಿಸಿದಳು, ನೆಂಟರ ಮನೆಯಲ್ಲಿ ಕೈಯಾರೆ ಕಸ ಇಟ್ಟು ಬರುವಂಥ ಸಂಕಟದಲ್ಲಿ.

"ಒಂದು ಮಾತು ಕೇಳು ಮಗಳ," ಎಂದಳು. ಮೇಡಂ ಎನ್ನುವ ಮಾತು ಆಗಲೇ ಎಲ್ಲೋ ಉದುರಿಹೋಗಿತ್ತು. "ನಿನ್ ಬುಕ್ಕಿನಾಗ ಇದಕ್ಕ ನನ್ ಹೆಸ್ರು ಹಾಕಬ್ಯಾಡ. ಯಮನಮ್ಮ ಇಂಥಾದು ಕೊಟ್ಟಾಳ ಅಂತ ನಾಕ್ ಮಂದಿ ಓದಬಾರ್ದು."

"ಇಲ್ರಿ ಅವ್ವಾ. ಇದು ನಾ ತಗದದ್ದು ಅಂತ ಬರೀತೀನಿ."

ಮರುದಿನದಿಂದ ಮತ್ತೆ ಯಂತ್ರ. ಏಪ್ರಿಲ್ ಕೊನೆ ಹತ್ತಿರವಿತ್ತು. ಮೊದಲು ಅಂಟಿಸುವಾಗಲೇ ಹರಿಯುವ ಎಳೆ ಅಪರೂಪ. ಈಗ ಬೆರಳಲ್ಲೇ ಸಾಯುತ್ತಿದ್ದವು. ಮೊದಲಾದರೆ ಒಗೆದು ಇನ್ನೊಂದು ತೆಗೆದುಕೊಳ್ಳುತ್ತಿದ್ದೆ.

"ಅದನ್ನೂ ಬರ್ಕೋ," ಎಂದಳು ಅಕ್ಕ. "ಯಂತ್ರಕ್ಕ ಹೋಗೂಕಿಂತ ಮೊದ್ಲೇ ಹರದದ ಅಂತ. ನಾವೂ ಒಗದ್ರ ನಾವೂ ಹಸನ ಮಾಡ್ದಂಗೇ ಆಯ್ತು."

ಫ್ಯಾನ್ ಹಾಕುವಂತಿಲ್ಲ, ಎಳೆ ಹಾರುತ್ತದೆ. ಕಲಬುರಗಿಯ ಏಪ್ರಿಲ್‌ನಲ್ಲಿ ಫ್ಯಾನಿಲ್ಲದ ಕೋಣೆ. ಬೆವರು, ಎಳೆಯ ದಪ್ಪ ಅಳೆಯುವ ಸೂಕ್ಷ್ಮದರ್ಶಕದ ಗಾಜಿನ ಮೇಲೆ ಬೀಳುತ್ತಿತ್ತು. ಅಕ್ಕ ಕಾಲೇಜಿಗೆ ರಜೆ ಹಾಕಿದಳು. ಅವಳು ಅಂಟಿಸುವುದು, ನಾನು ಕತ್ತರಿಸುವುದು, ಯಂತ್ರ ಎಳೆಯುವುದು. ಒಮ್ಮೆ ಅವಳೇ ತಲೆ ಎತ್ತಿ, "ಏನಾತೋ, ಡೈಲಾಗ್ ಸ್ಟಾಕ್ ಖಾಲಿಯೇನು?" ಎಂದಳು.

"ಸೈಲೆಂಟ್ ಪಿಚ್ಚರ್ ಅಕ್ಕ ಇದು," ಎಂದೆ. ಅವಳು ನಕ್ಕಂತೆ ಮಾಡಿದಳು. ನಗುವುದಕ್ಕೂ ಮುಖದಲ್ಲಿ ಕಸುವು ಬೇಕಲ್ಲ.

ಗ್ರಾಫು ಬಂತು. ಎಂಟು ಹೋಗಿ ಮೂರರ ಹತ್ತಿರ ನಿಂತಿತ್ತು. ಗೆರೆ ನೆಟ್ಟಗಿರಲಿಲ್ಲ. ಕೆಳಗಿನ ತುದಿಯಲ್ಲಿ ಚುಕ್ಕಿಗಳು ಚೆಲ್ಲಿ ಗೆರೆ ಸೊಂಟ ಮುರಿದುಕೊಂಡು ಬಾಗಿತ್ತು. ಅಮರನಾಥ ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ರಿಟೈರ್ ಆಗೂದ್ರಾಗ ಒಂದರ ಛಲೋ ಗೆರಿ ನಂದಾಗ್ತದ ಅಂದ್ಕೊಂಡಿದ್ದೆ."

"ತಪ್ಪಾಯ್ತು ಸರ್."

"ತಪ್ಪು ನಿಂದಲ್ಲ. ನಾನೂ ಇಷ್ಟು ವರ್ಷದಾಗ ಒಮ್ಮಿನೂ ಅಲ್ಲಿಗಿ ಹೋಗಿ ನೋಡ್ಲಿಲ್ಲ." ಅವರು ಆ ಬಾಗಿದ ಜಾಗದ ಮೇಲೆ ಬೆರಳಿಟ್ಟರು. "ಹಳೇದು ಒಗಿಬ್ಯಾಡ. ಎರಡೂ ಗೆರಿ ಒಂದೇ ಹಾಳ್ಯಾಗ ಹಾಕು. ಹಸನ ಮಾಡಿದ್ದು, ಮಾಡ್ಲಾರದ್ದು. ಒಂದು ಅಧ್ಯಾಯ ಮತ್ತ ಬರೀಬೇಕಾಗ್ತದ. ಆಗ್ತದೇನು?"

"ಆಗ್ಬೇಕ್ರಿ ಸರ್."

"ಕೆಳಗಿನ ಚುಕ್ಕಿ ಇನ್ನೂ ಸ್ವಲ್ಪ ಬೇಕು. ಏ ಕಪಿಲ, ಆ ಕತ್ರಿ ಇಲ್ಲಿ ಕೊಡು." ಸರ್ ಸ್ಟೂಲು ಎಳೆದುಕೊಂಡು ಕೂತರು. ಮೊದಲ ಎರಡು ಎಳೆ ಚೌಕಟ್ಟಿನ ಜೊತೆಗೇ ಕತ್ತರಿಸಿಹೋದವು. "ಇವನ್ನ ಮಾತ್ರ ಲೆಕ್ಕಕ್ಕ ಹಿಡೀಬ್ಯಾಡ್ರಪ್ಪ, ಇದು ನನ್ ವಯಸ್ಸಿಂದು," ಎಂದರು.

ಅವಧಿಯ ಕೊನೆಯ ದಿನ ಮಧ್ಯಾಹ್ನ ಸೂಪರ್ ಮಾರ್ಕೆಟ್ ಎನ್ನುವ ಪೇಟೆಯ ಬೈಂಡಿಂಗ್ ಅಂಗಡಿಯಲ್ಲಿ ನಿಂತಿದ್ದೆವು. ಅಂಗಡಿಯ ಉಜೈರ್ ಭಾಯ್ ಅಂಟು ಇನ್ನೂ ಹಸಿ ಎಂದು ಕೊಡಲು ಒಪ್ಪಲಿಲ್ಲ.

"ಮೇಡಂ, ಏಕ್ ಘಂಟಾ ರುಕೋ. ಈಗ ಒಯ್ದ್ರ ಪುಟ ಉದುರ್ತಾವ, ನನ್ ದುಕಾನ್ ಹೆಸ್ರು ಕೆಡ್ತದ."

"ಭಾಯ್, ಉದುರ್ಲಿ," ಎಂದೆ ನಾನು. "ಆಫೀಸ್ ಬಾಗ್ಲಾ ಬಂದಾದ್ರ ನಾವೇ ಉದುರಿ ಹೋಗ್ತೀವಿ."

ಪ್ರತಿಗಳನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಅಕ್ಕ ನನ್ನ ಬೈಕಿನ ಹಿಂದೆ ಕೂತಳು. ಆಟೊಗಳ ನಡುವೆ ನುಗ್ಗುತ್ತ, ಹಾರ್ನ್ ಹೊಡೆಯುತ್ತ, ನಾನು ಏನೇನೋ ಒದರುತ್ತಿದ್ದೆ. ಹಿಂದಿನಿಂದ ಬೈಗುಳ ಬರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಅವಳ ತಲೆ ನನ್ನ ಬೆನ್ನಿಗೆ ಒರಗಿತ್ತು. ನಿದ್ದೆ ಹೋಗಿದ್ದಳು, ಕೈ ಮಾತ್ರ ಗಂಟನ್ನು ಬಿಟ್ಟಿರಲಿಲ್ಲ. ವೇಗ ತಗ್ಗಿಸಿದೆ. ತಗ್ಗು ಬಂದಲ್ಲೆಲ್ಲ ಸುತ್ತು ಹಾಕಿದೆ. ಬೈಕಿನವರೆಲ್ಲ ನನ್ನನ್ನು ಬೈದು ಮುಂದೆ ಹೋದರು.

ಯೂನಿವರ್ಸಿಟಿ ಆಫೀಸಿನ ಮುಂದೆ ನಿಲ್ಲಿಸಿದೆ. ಬಾಗಿಲು ಇನ್ನೂ ತೆರೆದಿತ್ತು, ಒಳಗೆ ಫ್ಯಾನು ತಿರುಗುತ್ತಿತ್ತು.

"ಅಕ್ಕ, ಬಂತು. ಇಳಿ."

ಕಣ್ಣು ತೆರೆದಳು. ಎಲ್ಲಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿಯಲಿಲ್ಲ. ಬಟ್ಟೆ ಬಿಚ್ಚಿ, ಬಾಗಿದ ಗೆರೆಯ ಪುಟ ಅಲ್ಲೇ ಇದೆಯೋ, ಉದುರಿದೆಯೋ ಎಂದು ನೋಡಿದಳು. ಇತ್ತು. ಮತ್ತೆ ಸುತ್ತಿದಳು.

"ಎರಡು ನಿಮಿಷ ತಡೀಯೋ," ಎಂದಳು. "ಕಾಲಿಗಿ ಜೋಮು ಹಿಡದದ."

ನಾನು ಬೈಕಿನ ಹ್ಯಾಂಡಲ್ ಹಿಡಿದು, ಬೀಳದಂತೆ ಕಾಲೂರಿ ನಿಂತೆ. ಅವಳು ಇಳಿದು, ಕುಂಟುತ್ತ, ಮೆಟ್ಟಿಲು ಹತ್ತಿ ಒಳಗೆ ಹೋದಳು.